ಎರಡನೇ ಫ್ಯೂಯಲ್ ಪಂಪೂ ಹೋಯ್ತಾ? ಮೂರನೇದು ತರೋಕೆ ಮುಂಚೆ ಮೀಟರ್ ಹಿಡೀರಿ

ಹಳೇ ಇಂಜೆಕ್ಷನ್ ಪೆಟ್ರೋಲ್ ಕಾರು ಓಡ್ತಾ ಓಡ್ತಾ ಆಫ್ ಆಗುತ್ತೆ, ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ತಕ್ಷಣ ಬರೋ ತೀರ್ಪು: ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳೋ ಪಂಪ್ ಹೋಗಿದೆ, ಬದಲಾಯಿಸಿ. ಹೊಸ ಪಂಪ್ ಕೆಲವೇ ತಿಂಗಳಲ್ಲಿ ಮತ್ತೆ ಕೈಕೊಟ್ರೆ ‘ಡೂಪ್ಲಿಕೇಟ್ ಮಾಲು’ ಅಂತ ಬೈಗುಳ. ಡೂಪ್ಲಿಕೇಟ್ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಸಾಲಾಗಿ ಎರಡು ಪಂಪ್ ಸತ್ತರೆ ತಪ್ಪು ಪಂಪಿನ ಸುತ್ತಮುತ್ತ ಇರೋ ಸಾಧ್ಯತೆಯೇ ಹೆಚ್ಚು.

ಮೊದಲು, ಅದು ಪೆಟ್ರೋಲಿನ ತೊಂದರೆಯೇನಾ ಅಂತ ಖಚಿತ ಮಾಡ್ಕೊಳ್ಳಿ. ಇಂಜಿನ್ ತಿರುಗ್ತಿದೆ ಅಂತ ಗಾಡಿಯ ಕಂಪ್ಯೂಟರಿಗೆ ಹೇಳೋ ಕ್ರ್ಯಾಂಕ್ ಸೆನ್ಸರ್ ಕೂಡ ಬಿಸಿಯಾದಾಗ ಸತ್ತು, ತಣ್ಣಗಾದ ಮೇಲೆ ಬದುಕುತ್ತೆ. ಲಕ್ಷಣ ಎರಡಕ್ಕೂ ಒಂದೇ. ಗಾಡಿ ನಿಂತಾಗಲೇ ಸೆಲ್ಫ್ ಹೊಡೆದು ಆರ್‌ಪಿಎಂ ಮುಳ್ಳು ನೋಡಿ. ಸ್ವಲ್ಪವೂ ಅಲುಗಾಡದಿದ್ರೆ ಅನುಮಾನ ಸೆನ್ಸರ್ ಮೇಲೆ. ಮುಳ್ಳಿಗಿಂತ ನಂಬಿಕಸ್ಥ ಸಾಕ್ಷಿ ಪೆಟ್ರೋಲ್ ಲೈನಿನ ಒತ್ತಡ ಅಳೆಯೋ ಪ್ರೆಶರ್ ಗೇಜ್. ಇಂಥ ಬಹಳಷ್ಟು ಕಾರುಗಳಲ್ಲಿ 2.5ರಿಂದ 4 ಬಾರ್ ಇರಬೇಕು. ನಿಮ್ಮ ಗಾಡಿಯ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಇಂಜಿನ್ ನಿಂತ ಗಳಿಗೆಯಲ್ಲೂ ಗೇಜ್ ಅಷ್ಟನ್ನೇ ತೋರಿಸಿದ್ರೆ ಪಂಪನ್ನ ಅದರ ಪಾಡಿಗೆ ಬಿಡಿ.

ಪ್ರೆಶರ್ ಬಿದ್ದಿದ್ರೆ ಮುಂದಿನ ಕೆಲಸ ಮಲ್ಟಿಮೀಟರ್‌ದು. ಪಂಪ್ ಓಡ್ತಿರುವಾಗ, ಪಂಪಿನ ಕನೆಕ್ಟರ್ ಬಿಚ್ಚದೇ, ಹಿಂಬದಿಯಿಂದ ಪ್ರೋಬ್ ಕೊಟ್ಟು ಅಳೀರಿ. ಬಿಚ್ಚಿ ಅಳೆದ್ರೆ ಲೋಡ್ ಇರಲ್ಲ (ಪಂಪ್ ಕರೆಂಟ್ ಎಳೆಯಲ್ಲ), ಕೊಳೆತ ವೈರೂ ಪೂರ್ತಿ 12 ವೋಲ್ಟ್ ತೋರಿಸಿ ಮೋಸ ಮಾಡುತ್ತೆ. ಬ್ಯಾಟರಿಯಲ್ಲಿ 14 ಇದ್ದಾಗ ಪಂಪಿನಲ್ಲಿ 13.5 ಬಂದ್ರೆ ಸರಿ. 11.5 ಬಂದ್ರೆ ಎರಡೂವರೆ ವೋಲ್ಟ್ ದಾರಿಯಲ್ಲೆಲ್ಲೋ ಸೋರಿಹೋಗ್ತಿದೆ: ಪಂಪಿಗೆ ಕರೆಂಟ್ ಬಿಡೋ ಸ್ವಿಚ್ ಆದ ರಿಲೇಯ ಸುಟ್ಟ ಪಾಯಿಂಟ್, ಸಡಿಲವಾದ ಫ್ಯೂಸ್ ಹಿಡಿ, ತುಕ್ಕು ಹಿಡಿದ ಅರ್ಥ್ ಬೋಲ್ಟ್, ಇಲ್ಲವೇ ಟ್ಯಾಂಕ್ ಮೇಲಿನ ಕಂದುಬಣ್ಣಕ್ಕೆ ತಿರುಗಿದ ಕನೆಕ್ಟರ್. ಅರ್ಥ್ ಕಡೆಯನ್ನ ಬೇರೆಯಾಗಿ, ಪಂಪಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೀರಿ; 0.2 ವೋಲ್ಟ್ ದಾಟಬಾರದು. (ಕೆಲವು ಕಾರುಗಳಲ್ಲಿ ಐಡ್ಲಿಂಗ್‌ನಲ್ಲಿ ಪಂಪಿಗೆ ಬೇಕಂತಲೇ ಕಡಿಮೆ ವೋಲ್ಟ್ ಕೊಡೋ ಏರ್ಪಾಡು ಇರುತ್ತೆ, ವೈರಿಂಗ್ ಡಯಾಗ್ರಾಂ ನೋಡದೇ ಗಾಬರಿ ಬೀಳಬೇಡಿ.)

ಈ ಕನೆಕ್ಟರ್ ಸುಡೋದು ಯಾಕೆ? ಬಹಳ ಸಲ ಫಿಲ್ಟರಿನಿಂದ. ಫಿಲ್ಟರ್ ಕಟ್ಟಿದ್ರೆ ಪಂಪ್ ಹೆಚ್ಚು ಒತ್ತಡದ ವಿರುದ್ಧ ತಳ್ಳಬೇಕು, ಕರೆಂಟ್ ಜಾಸ್ತಿ ಎಳೆಯುತ್ತೆ. ಮಾಮೂಲಿಗೆ 4–7 ಆಂಪ್ ಸಾಕಾಗುವ ಜಾಗದಲ್ಲಿ 9–10 ಎಳೆದ್ರೆ ಕನೆಕ್ಟರ್ ಒಳಗಿನ ಹಳೇ ಟರ್ಮಿನಲ್ (ಲೋಹದ ಪಿನ್) ಕಾದು, ಹಿಡಿತ ಸಡಿಲವಾಗಿ, ಮತ್ತಷ್ಟು ಕಾಯುತ್ತೆ. ಆ ಟರ್ಮಿನಲ್‌ಗೇ ಹೊಸ ಪಂಪ್ ಸಿಕ್ಕಿಸಿದ್ರೆ ಅದಕ್ಕೂ ಅದೇ ಗತಿ. ಕನೆಕ್ಟರ್ ವೈರಿನ ತುಂಡಿನ ಸಮೇತ ಬದಲಾಗಲೇಬೇಕು.

ಇನ್ನು ಟ್ಯಾಂಕ್. ತಳದಲ್ಲಿ ತುಕ್ಕಿನ ಪುಡಿ ಇದ್ರೆ ಪಂಪಿನ ಬಾಯಲ್ಲಿರೋ ಜಾಲರಿ, ಅಂದ್ರೆ ಸ್ಟ್ರೈನರ್, ಹೊಸದಾದ್ರೂ ಬೇಗ ಕಟ್ಟುತ್ತೆ, ಪಂಪ್ ಪೆಟ್ರೋಲ್ ಸಿಗದೇ ಕಿರುಗುಟ್ಟುತ್ತೆ. ಪಂಪನ್ನ ತಂಪಾಗಿಡೋದು ಅದರ ಮೂಲಕ ಹರಿಯೋ ಪೆಟ್ರೋಲೇ. ಹಾಗಾಗಿ ಸದಾ ರಿಸರ್ವ್‌ನಲ್ಲೇ ಓಡಿಸೋ ಅಭ್ಯಾಸವೂ ಒಳ್ಳೇದಲ್ಲ, ಕಾಲು ಟ್ಯಾಂಕ್ ಇರಲಿ. ಗಾಡಿ ನಿಂತಾಗ ಪೆಟ್ರೋಲ್ ಮುಚ್ಚಳ ತೆಗೆದ್ರೆ ಗಾಳಿ ಜೋರಾಗಿ ಒಳಗೆ ನುಗ್ಗಿ, ತಕ್ಷಣ ಸ್ಟಾರ್ಟ್ ಆಯ್ತೋ, ಟ್ಯಾಂಕಿಗೆ ಗಾಳಿ ಬಿಡೋ ದಾರಿ (ವೆಂಟ್) ಕಟ್ಟಿದೆ ಅಂತ ಅರ್ಥ.

ಟ್ಯಾಂಕ್ ತೆರೆಯೋ ಮುಂಚೆ ಪಂಪ್ ಫ್ಯೂಸ್ ಕಿತ್ತು ಇಂಜಿನ್ ತಾನಾಗೇ ನಿಲ್ಲೋ ತನಕ ಓಡಿಸಿ, ಪ್ರೆಶರ್ ಇಳಿಯುತ್ತೆ. ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ. ಬಯಲು ಗಾಳಿಯಲ್ಲೇ ಕೆಲಸ, ಹತ್ತಿರ ಬೆಂಕಿ-ಕಿಡಿ ಕೂಡದು. ಪಂಪ್ ಜೊತೆಗೆ ಸ್ಟ್ರೈನರ್, ಸೀಲ್ ರಿಂಗ್, ಹೊರಗಿನ ಫಿಲ್ಟರ್ ಹೊಸದಾಗಲಿ. ಟ್ಯಾಂಕಿನೊಳಗಿನ ತುಂಡು ಹೋಸ್ ಬದಲಾಯಿಸೋದಾದ್ರೆ ಮೇಲೆ ಎಸ್‌ಎಇ ಜೆ30ಆರ್10 (ಪೆಟ್ರೋಲಿನಲ್ಲಿ ಮುಳುಗಿರೋ ಹೋಸ್‌ನ ಗುಣಮಟ್ಟದ ಗುರುತು) ಅಂತ ಅಚ್ಚಾಗಿದ್ದೇ ಬೇಕು. ಬಾನೆಟ್ ಒಳಗೆ ಹಾಕೋ ಮಾಮೂಲಿ ಫ್ಯೂಯಲ್ ಹೋಸ್‌ನ ಹೊರಪದರ ಪೆಟ್ರೋಲಿನಲ್ಲಿ ಮುಳುಗಿರೋಕೆ ಮಾಡಿದ್ದಲ್ಲ. ಮೆತ್ತಗಾಗಿ ಸೀಳುತ್ತೆ, ಪ್ರೆಶರ್ ಟ್ಯಾಂಕಿನೊಳಗೇ ಸೋರುತ್ತೆ. ಹೊರಗೆ ಒಂದು ಹನಿಯೂ ಕಾಣಲ್ಲ, ಗೇಜ್ ಮಾತ್ರ ಕೆಳಗೆ ಬಿದ್ದಿರುತ್ತೆ, ಬೈಗುಳ ಮತ್ತೆ ಪಂಪಿಗೇ.