ಹತ್ತು ಸೆಕೆಂಡಿನ ಕೊಳಲು

ಅರಸೀಕೆರೆಯಲ್ಲಿ ನಮ್ಮಪ್ಪನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಹತ್ತಡಿಗೆ ಎಂಟಡಿ ಜಾಗ, ಒಂದು ಮೇಜು, ಸಾಲ್ಡರಿಂಗ್ ಹೊಗೆಯ ವಾಸನೆ. ರಿಪೇರಿ ಮುಗಿದ ಪ್ರತಿ ಸೆಟ್ಟಿಗೂ ಅಪ್ಪ ಒಂದೇ ಕ್ಯಾಸೆಟ್ ಹಾಕಿ ನೋಡುತ್ತಿದ್ದರು. ರಾಜ್‌ಕುಮಾರ್ ಹಾಡುಗಳ ಕ್ಯಾಸೆಟ್ಟು. ಅದರಲ್ಲೂ ಒಂದೇ ಜಾಗ, ಹಾಡು ಶುರುವಾಗುವ ಮುಂಚೆ ಬರುವ ಕೊಳಲು. ಹತ್ತು ಸೆಕೆಂಡು ಇರಬಹುದು. ಕೊಳಲು ಎಳೆದಂತೆ ಕೇಳಿದರೆ ಬೆಲ್ಟ್ ಸಡಿಲ. ಮಂಕಾಗಿ ಕೇಳಿದರೆ ಹೆಡ್ಡಿಗೆ ಕೊಳೆ. ಸರಿಯಾಗಿ ಕೇಳಿದರೆ ಸ್ಟಾಪ್ ಒತ್ತಿ, ಹಿಂದಕ್ಕೆ ಸುತ್ತಿ, ಮುಂದಿನ ಸೆಟ್ಟಿಗೆ ಹಾಕುವುದು. ರಾಜ್‌ಕುಮಾರ್ ದನಿ ಬರುವ ಮೊದಲೇ ಹಾಡು ನಿಂತುಹೋಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ನಾನು ಆ ಹತ್ತು ಸೆಕೆಂಡನ್ನು ಎಷ್ಟು ಸಾವಿರ ಸಲ ಕೇಳಿದೆನೋ ಲೆಕ್ಕವಿಲ್ಲ.

ನನಗೀಗ ನಲವತ್ತು ದಾಟಿದೆ. "ನಿನಗ್ಯಾಕೆ ಈ ಅಮೆರಿಕದ ಹಳೇ ರ‍್ಯಾಪ್ ಹುಚ್ಚು?" ಎಂದು ಇವತ್ತಿಗೂ ಜನ ಕೇಳುತ್ತಾರೆ. ಆ ಕೊಳಲನ್ನು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

2001ರಲ್ಲಿ ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದೆ. ಹಾಸ್ಟೆಲ್ ರೂಮಿನಲ್ಲಿ ಮಂಗಳೂರಿನ ಗೆಳೆಯನ ಕಂಪ್ಯೂಟರ್ ಇತ್ತು. ಅವನ ಅಣ್ಣ ದುಬೈಯಿಂದ ತಂದುಕೊಟ್ಟ ಎಂಪಿ3 ಸಿಡಿಯಲ್ಲಿ ನೂರಕ್ಕೂ ಜಾಸ್ತಿ ಹಾಡು. ಒಂದು ರಾತ್ರಿ ಅವನು ಅಸೈನ್‌ಮೆಂಟ್ ಬರೆಯುತ್ತಿದ್ದಾಗ 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ಎಂಬ ಅಮೆರಿಕದ ರ‍್ಯಾಪ್ ತಂಡದ ಹಾಡು ಬಂತು. ಮಾತು ಒಂದೂ ತಲೆಗೆ ಹೋಗಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ಕಿವಿಗೆ ಆ ಇಂಗ್ಲಿಷು ಸಿಗುವಂಥದ್ದಲ್ಲ. ಆದರೆ ಮಾತಿನ ಕೆಳಗೆ ದಪ್ಪನೆಯ ಬೇಸ್, ಅದರ ಜೊತೆ ಡ್ರಮ್ಮು. ಒಂದು ಚೂರು ಸಂಗೀತ ಬಂದು, ಮುಗಿದು, ಮತ್ತೆ ಮೊದಲಿನಿಂದ ಬರುತ್ತಿತ್ತು. ಮತ್ತೆ ಬರುತ್ತಿತ್ತು. ಮೈ ಜುಮ್ ಎಂದಿತು. ಇದು ನನಗೆ ಗೊತ್ತಿರುವ ಸಂಗೀತ ಅನ್ನಿಸಿತು. ಅಪ್ಪನ ಮೇಜಿನ ಮೇಲೆ ಕೊಳಲು ಹೀಗೇ ಬರುತ್ತಿತ್ತು ಅಲ್ವಾ!

ಆವತ್ತಿನಿಂದ ಹುಡುಕುತ್ತಾ ಹೋದೆ. ಇದು ಎಲ್ಲಿಂದ ಬಂತು, ಯಾರು ಮಾಡಿದರು ಎಂದು ತಿಳಿದಷ್ಟೂ ಪ್ರೀತಿ ಜಾಸ್ತಿಯಾಯಿತು.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಿಳಾಸದ ಅಪಾರ್ಟ್‌ಮೆಂಟು. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಕಾಸು ಬೇಕಿತ್ತು. ಕಟ್ಟಡದ ಕೆಳಗಿನ ಹಾಲಿನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ರೆಕಾರ್ಡ್ ಹಾಕಲು ಅವಳ ಅಣ್ಣ ಕ್ಲೈವ್. ಜಮೈಕಾದಲ್ಲಿ ಹುಟ್ಟಿ ಬಂದ ಹದಿನೆಂಟರ ಹುಡುಗ. ಲೋಕಕ್ಕೆಲ್ಲ ಅವನು ಡಿಜೆ ಕೂಲ್ ಹರ್ಕ್. ಹಿಪ್ ಹಾಪ್‌ಗೆ ಹುಟ್ಟಿದ ದಿನ ಅಂತ ಒಂದಿದ್ದರೆ ಅದು ಈ ದಿನವೇ ಎಂದು ಹೆಚ್ಚಿನವರು ಒಪ್ಪುತ್ತಾರೆ. ರ‍್ಯಾಪ್ ಬೆಳೆದಿದ್ದು ಈ ಹಿಪ್ ಹಾಪ್ ಒಳಗೇ. ಊರ ಮಧ್ಯೆ ಹೆದ್ದಾರಿ ಸೀಳಿಕೊಂಡು ಹೋಗಿ, ಮನೆಗಳಿಗೆ ಬೆಂಕಿ ಬಿದ್ದು, ಕೆಲಸ ಕಳೆದುಕೊಂಡು ಜನ ಒದ್ದಾಡುತ್ತಿದ್ದ ಬ್ರಾಂಕ್ಸ್ ಅದು.

ಹರ್ಕ್ ಮಾಡಿದ್ದೇನು? ಕುಣಿಯುವವರನ್ನು ಗಮನಿಸಿದ. ಹಾಡು ಪೂರ್ತಿ ಅವರಿಗೆ ಬೇಕಿರಲಿಲ್ಲ. ಹಾಡುಗಾರ ಸುಮ್ಮನಾಗಿ, ಉಳಿದ ವಾದ್ಯಗಳೂ ನಿಂತು, ಬರೀ ಡ್ರಮ್ಮು ಉಳಿಯುವ ಜಾಗ ಇರುತ್ತದಲ್ಲ, ಅದಕ್ಕೆ ಕಾಯುತ್ತಿದ್ದರು. ಅದೇ ಬ್ರೇಕ್. ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಟರ್ನ್‌ಟೇಬಲ್ ಮೇಲೆ ಇಟ್ಟ. ಇಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಅಲ್ಲಿ ಶುರು. ಅಲ್ಲಿ ಮುಗಿಯುವಷ್ಟರಲ್ಲಿ ಇಲ್ಲಿ. ಕೆಲವು ಸೆಕೆಂಡು ಹಿಗ್ಗಿ ಹಲವು ನಿಮಿಷವಾಯಿತು. ನನ್ನ ಪ್ರಕಾರ ಕಳೆದ ಶತಮಾನದ ಅತಿ ದೊಡ್ಡ ಸಂಗೀತದ ಯೋಚನೆಗಳಲ್ಲಿ ಇದೂ ಒಂದು. ಹೊಸ ರಾಗವಲ್ಲ, ಹೊಸ ವಾದ್ಯವಲ್ಲ. ಹಾಡಿನಲ್ಲಿ ಯಾವ ಜಾಗಕ್ಕೆ ಜನರ ಎದೆ ಬಡಿದುಕೊಳ್ಳುತ್ತದೆ ಎಂದು ಕಿವಿಗೊಟ್ಟು ಕಂಡುಕೊಂಡಿದ್ದು.

ಹಿಪ್ ಹಾಪ್ ಕಟ್ಟಿದ ಮೊದಲಿಗರಲ್ಲಿ ನನಗೆ ತುಂಬಾ ಹತ್ತಿರದವನು ಇನ್ನೊಬ್ಬ ಡಿಜೆ, ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಹುಟ್ಟಿದ್ದು ಬಾರ್ಬಡೋಸ್, ಬೆಳೆದಿದ್ದು ಬ್ರಾಂಕ್ಸ್, ಶಾಲೆಯಲ್ಲಿ ಕಲಿತಿದ್ದು ಎಲೆಕ್ಟ್ರಾನಿಕ್ಸ್. ಸಾಮಾನು ಬಿಚ್ಚಿ ನೋಡದೆ ನೆಮ್ಮದಿ ಇಲ್ಲದ ಹುಡುಗ. ಎರಡು ಬ್ರೇಕ್‌ಗಳ ನಡುವೆ ತಾಳ ತಪ್ಪುತ್ತದಲ್ಲ, ಅದು ಅವನಿಗೆ ತಡೆಯಲಾಗಲಿಲ್ಲ. ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿದ. ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಬ್ರೇಕಿನ ಶುರು ಸಿಗುತ್ತದೆ ಎಂದು ಕಣ್ಣಿನಲ್ಲೇ ಎಣಿಸಬಹುದು. ಕೇಳುವವರಿಗೆ ಗೊತ್ತಾಗದಂತೆ ಮುಂದಿನ ರೆಕಾರ್ಡನ್ನು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಲು ಸ್ವಿಚ್ಚು ಜೋಡಿಸಿಕೊಂಡ. ರೆಕಾರ್ಡು ಕೈಗೆ ಸಲೀಸಾಗಿ ಜಾರಲಿ ಎಂದು ಅಡಿಗೆ ಫೆಲ್ಟ್ ಬಟ್ಟೆ ಹಾಕಿದ. ಬಟ್ಟೆ ಮೆತ್ತಗಿದೆ ಎಂದು ಗಂಜಿ ಹಾಕಿ ಇಸ್ತ್ರಿ ಮಾಡಿ ಗಟ್ಟಿ ಮಾಡಿದ. ಅವನ ತಾಯಿ ಹೊಲಿಗೆ ಕೆಲಸದವರು, ಬಟ್ಟೆಯ ಗುಣ ಮನೆಯಲ್ಲೇ ಗೊತ್ತಿತ್ತು. ಇದನ್ನು ಮೊದಲ ಸಲ ತಿಳಿದಾಗ ನನಗೆ ಕಂಡಿದ್ದು ಅಪ್ಪನ ಮೇಜು. ಬೆಲ್ಟ್ ಸಿಗದಿದ್ದಾಗ ಸೈಕಲ್ ಟ್ಯೂಬ್ ಕತ್ತರಿಸಿ ಹಾಕುತ್ತಿದ್ದರು ನಮ್ಮಪ್ಪ. ಫ್ಲ್ಯಾಶ್ ನಮ್ಮ ಅಂಗಡಿಗೆ ಬಂದಿದ್ದರೆ ಇಬ್ಬರಿಗೂ ಭಾಷೆಯೇ ಬೇಕಿರಲಿಲ್ಲ.

ಇನ್ನು ಸ್ಕ್ರ್ಯಾಚ್. ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್ ಎಂಬ ಹುಡುಗ ರೂಮಿನಲ್ಲಿ ಜೋರಾಗಿ ಹಾಡು ಹಾಕಿಕೊಂಡಿದ್ದ. ತಾಯಿ ಬಾಗಿಲಲ್ಲಿ ನಿಂತು ಗದರಿದರು. ರೆಕಾರ್ಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ಬೈಗುಳ ಕೇಳಿಸಿಕೊಂಡ. ಕೈ ಅಲ್ಲಾಡಿದಾಗ ಬಂದ ಗೀರುವ ಸದ್ದು ಅವನ ಕಿವಿಗೆ ಬಿತ್ತು. ಅಮ್ಮ ಹೋದ ಮೇಲೂ ಅವನು ಆ ಸದ್ದನ್ನು ಬಿಡಲಿಲ್ಲ.

"ಕದ್ದ ಸಂಗೀತ ಅದು. ಬೇರೆಯವರ ಹಾಡು ಎತ್ತಿ ಅದರ ಮೇಲೆ ಮಾತಾಡೋದು" ಎಂದು ಸಂಗೀತ ಬಲ್ಲವರೇ ನನ್ನ ಮುಂದೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ.

1987ರಲ್ಲಿ ಎಸ್‌ಪಿ-1200 ಎಂಬ ಸ್ಯಾಂಪ್ಲರ್ ಬಂತು. ಹಳೇ ರೆಕಾರ್ಡಿನ ಚೂರನ್ನು ಹಿಡಿದಿಟ್ಟು ಬೇಕಾದಾಗ ಮತ್ತೆ ನುಡಿಸುವ ಪೆಟ್ಟಿಗೆ ಅದು. ಎಂಬತ್ತರ ಕೊನೆ, ತೊಂಬತ್ತರ ಮೊದಲ ವರ್ಷಗಳ ಎಷ್ಟೋ ದೊಡ್ಡ ಹಾಡು ಹುಟ್ಟಿದ್ದು ಆ ಪೆಟ್ಟಿಗೆಯಲ್ಲಿ. ಅದರ ಮೆಮೊರಿ ಎಷ್ಟು ಗೊತ್ತಾ? ಒಟ್ಟು ಹತ್ತು ಸೆಕೆಂಡು! ನನಗೆ ಇದು ತಿಳಿದ ದಿನ ಸುಮ್ನೆ ಕೂತುಬಿಟ್ಟೆ. ಡ್ರಮ್ಮು, ಬೇಸು, ತುತ್ತೂರಿ ಎಲ್ಲವೂ ಆ ಹತ್ತು ಸೆಕೆಂಡಿನಲ್ಲೇ ಹಿಡಿಯಬೇಕು. ಅದಕ್ಕೆ ಏನು ಮಾಡುತ್ತಿದ್ದರು ಅಂದರೆ, ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45 ಸುತ್ತಿನಲ್ಲಿ ಓಡಿಸಿ ತುಂಬಿಕೊಳ್ಳುವುದು. ಬೇಗ ಮುಗಿಯುತ್ತದೆ, ಜಾಗ ಉಳಿಯುತ್ತದೆ. ಆಮೇಲೆ ಮಷೀನಿನಲ್ಲಿ ವೇಗ ಇಳಿಸುವುದು. ಹಾಗೆ ಇಳಿಸಿದಾಗ ಸದ್ದು ಒರಟಾಗುತ್ತದೆ, ಮರಳು ಬೆರೆತಂತೆ ಆಗುತ್ತದೆ. ಆ ಒರಟುತನವೇ ಆ ಕಾಲದ ಹಿಪ್ ಹಾಪ್‌ನ ರುಚಿ. ಈಗ ಸಾಫ್ಟ್‌ವೇರಿನಲ್ಲಿ ಬೇಕಾದಷ್ಟು ಜಾಗವಿದೆ. ಆದರೂ ಜನ ಆ ಮರಳನ್ನೇ ಹುಡುಕುತ್ತಾರೆ.

ಧೂಳು ಹಿಡಿದ ನೂರಾರು ರೆಕಾರ್ಡ್ ಕೇಳಿ, ಯಾರೂ ನೆನೆಯದ ಒಂದು ಹಾಡಿನ ನಡುವೆ ಎರಡು ಸೆಕೆಂಡು ಹೆಕ್ಕಿ ತೆಗೆಯುವವನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಪ್ರೀತಿಯಿಂದ ಕೇಳುವ ಕಿವಿ ಯಾವ ಹಾಡಿಗೆ ತಾನೇ ಸಿಗುತ್ತದೆ?

ಹಾಗೆಂದು ಲೆಕ್ಕ ಸರಿಯಾಗಿತ್ತು ಎನ್ನಲಾರೆ. ಕ್ಲೈಡ್ ಸ್ಟಬಲ್‌ಫೀಲ್ಡ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ದೊಡ್ಡ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್. 1970ರಲ್ಲಿ ಬಂದ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಅವರದೊಂದು ಬ್ರೇಕ್ ಇದೆ. ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಅದು ಬಂದಿದೆ. ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡದ 'ಫೈಟ್ ದ ಪವರ್' ಕೇಳಿದ್ದರೆ ನೀವೂ ಅದನ್ನು ಕೇಳಿದ್ದೀರಿ. ಹಾಡಿನ ಹಕ್ಕು ಬ್ರೌನ್ ಹೆಸರಲ್ಲಿ ಇತ್ತು. ಬಾರಿಸಿದ ಕೈಗೆ ರಾಯಲ್ಟಿ ಬರಲಿಲ್ಲ. ಅವರು 2017ರಲ್ಲಿ ತೀರಿಕೊಂಡರು. ಆವತ್ತು ರಾತ್ರಿ ಆ ಬ್ರೇಕನ್ನು ಒಂದು ಗಂಟೆ ಹಾಕಿಕೊಂಡು ಕೂತಿದ್ದೆ.

ಹೀಗೆ ಬೇರೆಯವರ ಹಾಡಿನ ಚೂರು ಬಳಸುವ ಬಗ್ಗೆ ಕಾನೂನು ಬಿಗಿಯಾದಾಗ ಏಟು ಬಿದ್ದಿದ್ದು ಇನ್ನೊಂದು ಕಡೆಗೆ. ಡಿ ಲಾ ಸೋಲ್ ತಂಡದ ಮೊದಲ ಆಲ್ಬಮ್ 1989ರದು. ಬಣ್ಣಬಣ್ಣದ, ತುಂಟತನದ, ಹಗುರ ಮನಸ್ಸಿನ ಆಲ್ಬಮ್. ಅದರ ತುಂಬಾ ಸ್ಯಾಂಪಲ್, ಅಂದರೆ ಬೇರೆ ಹಾಡುಗಳಿಂದ ಹೆಕ್ಕಿದ ಚೂರು. ಅದರ ಹಕ್ಕುಗಳ ಸಿಕ್ಕು ಬಿಡಿಸಲಾಗದೆ ಅವರ ಆ ಕಾಲದ ಆಲ್ಬಮ್‌ಗಳು ವರ್ಷಗಟ್ಟಲೆ ಯಾವ ಸ್ಟ್ರೀಮಿಂಗ್‌ನಲ್ಲೂ ಸಿಗುತ್ತಿರಲಿಲ್ಲ. ಕೊನೆಗೂ 2023ರ ಮಾರ್ಚ್ 3ಕ್ಕೆ ಬಂದವು. ತಂಡದ ಮೂವರಲ್ಲಿ ಒಬ್ಬನಾದ ಡೇವ್ ಫೆಬ್ರವರಿ 12ಕ್ಕೇ ಹೋಗಿಬಿಟ್ಟಿದ್ದ. ಮೂರು ವಾರ ಉಳಿದಿದ್ದರೆ ಸಾಕಿತ್ತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಳಬರು ಹೊಸಬರು ಎದುರುಬದುರು ಕೂತ ಉದಾಹರಣೆಯೂ ಇದೆ. ನಾನು ಹಾಸ್ಟೆಲ್‌ನಲ್ಲಿ ಕೇಳಿದ ಆ ಟ್ರೈಬ್ ತಂಡದವರು 1991ರ 'ದ ಲೋ ಎಂಡ್ ಥಿಯರಿ'ಗೆ ರಾನ್ ಕಾರ್ಟರ್ ಅವರನ್ನೇ ಕರೆಸಿದರು. ಜಾಝ್‌ನ ಮೈಲ್ಸ್ ಡೇವಿಸ್ ಜೊತೆ ಬೇಸ್ ನುಡಿಸಿದ ದೊಡ್ಡವರು. ಹಾಡಿನಲ್ಲಿ ಬೈಗುಳ ಇರಬಾರದು ಎಂದರು. ಹುಡುಗರು ಒಪ್ಪಿದರು. ಬಂದು ನುಡಿಸಿ ಹೋದರು.

ಮಾತಿನ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪೋಸ್ಟೇ ಬೇಕು. ಆದರೂ ರ‍್ಯಾಪರ್ ರಕೀಮ್ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಚಿಕ್ಕಂದಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು, ಜಾಝ್ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಕೇಳಿ ಬೆಳೆದವನು. ಅಲ್ಲಿಯವರೆಗೆ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಗೆ ಬಂದು ಕೂರುತ್ತಿತ್ತು. ರಕೀಮ್ ಅದನ್ನು ಸಾಲಿನ ನಡುವೆ ತಂದ, ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿಸಿದ. ಎರಡನೇ ಅಕ್ಷರದ ಪ್ರಾಸ ಹಿಡಿದು ಷಟ್ಪದಿ ಓದಿದ ನಮಗೆ ಆ ಸುಖ ಬೇಗ ಹತ್ತುತ್ತದೆ. ಹಾಗೆಂದು ಇದೆಲ್ಲ ನಮ್ಮಲ್ಲೂ ಮೊದಲೇ ಇತ್ತು ಎಂದು ಹೇಳುವ ಆಸೆ ನನಗಿಲ್ಲ. ಅದು ಬ್ರಾಂಕ್ಸ್‌ನ, ಕ್ವೀನ್ಸ್‌ನ ಕಪ್ಪು ಹುಡುಗರದು, ಅವರ ಜೊತೆ ಬೆಳೆದ ಪೋರ್ಟೊರಿಕೊದ ಹುಡುಗರದು. ಅವರು ಮಾಡಿದ್ದು, ನಾವು ಕೇಳಿದ್ದು. ನಮ್ಮ ಬೆಂಗಳೂರಿನ ಬ್ರೋಧ ವಿ, ಆಲ್ ಓಕೆ ರ‍್ಯಾಪ್ ಮಾಡುವಾಗ ನನಗೆ ಹೆಮ್ಮೆಯಾಗುವುದು ಕೂಡ ಅದಕ್ಕೇ. ಕೇಳಿದವರು ಈಗ ತಮ್ಮ ಮಾತು ಆಡುತ್ತಿದ್ದಾರೆ.

ಹಿಪ್ ಹಾಪ್‌ನಲ್ಲಿ ಹೆಣ್ಣಿನ ಬಗ್ಗೆ ಕೀಳಾದ ಮಾತು ಇಲ್ಲವಾ ಎಂದು ಹೆಂಡತಿ ಕೇಳಿದ್ದಾಳೆ. ಇದೆ, ಜಾಸ್ತಿಯೇ ಇದೆ. ಅಂಥ ಹಾಡು ನಾನು ಮನೆಯಲ್ಲಿ ಹಾಕುವುದಿಲ್ಲ, ಒಬ್ಬನೇ ಇದ್ದಾಗಲೂ ಕೇಳಲು ಆಗುವುದಿಲ್ಲ. ಮಗಳಿಗೆ ನಾನು ಕೇಳಿಸಿದ್ದು ಹೆಣ್ಣುಮಕ್ಕಳೇ ರ‍್ಯಾಪ್ ಮಾಡಿದ್ದು, ಕ್ವೀನ್ ಲತೀಫಾ, ಲಾರಿನ್ ಹಿಲ್.

ಮತ್ತೆ ರ‍್ಯಾಪರ್ ನ್ಯಾಸ್. 1994ರ 'ಇಲ್‌ಮ್ಯಾಟಿಕ್'. ಅದು ಬಂದಾಗ ಅವನಿಗೆ ಇಪ್ಪತ್ತು ವರ್ಷ. ಸುಮಾರು 40 ನಿಮಿಷದ ಆಲ್ಬಮ್, ಒಂದು ಸಾಲೂ ದಂಡ ಇಲ್ಲ. ಅದರಲ್ಲಿ ಒಂದು ಹಾಡು ಪೂರ್ತಿ ಕಾಗದದ ರೂಪದಲ್ಲಿದೆ. ಜೈಲಿನಲ್ಲಿರುವ ಗೆಳೆಯನಿಗೆ ಊರಿನ ಸುದ್ದಿ. ಮಗ ಹುಟ್ಟಿದ್ದಾನೆ, ನಿನ್ನ ಹಾಗೇ ಇದ್ದಾನಂತೆ ಎಂದೆಲ್ಲ. ಇನ್ನೊಂದು ಹಾಡಿನ ಕೊನೆಗೆ ತುತ್ತೂರಿಯಂಥ ಕಾರ್ನೆಟ್ ಕೇಳುತ್ತದೆ. ನುಡಿಸಿದವರು ಓಲು ದಾರಾ, ನ್ಯಾಸ್‌ನ ಸ್ವಂತ ಅಪ್ಪ. ಮಗ ಮಾತು ನಿಲ್ಲಿಸಿದ ಮೇಲೆ ಅಪ್ಪ ಶುರು ಮಾಡುತ್ತಾರೆ.

ನಮ್ಮಪ್ಪ ಅಂಗಡಿ ಮುಚ್ಚಿ ನಮ್ಮ ಜೊತೆ ಬೆಂಗಳೂರಿಗೆ ಬಂದಿದ್ದು 2014ರಲ್ಲಿ. ನನ್ನ ಹಾಡುಗಳ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಒಂದು ಭಾನುವಾರ ನಾನು ಪೀಟ್ ರಾಕ್ ಮತ್ತು ಸಿಎಲ್ ಸ್ಮೂತ್ 1992ರಲ್ಲಿ ಮಾಡಿದ ಹಾಡು ಹಾಕಿದ್ದೆ. ಅವರ ಗೆಳೆಯ ಟ್ರಾಯ್ 1990ರಲ್ಲಿ ಅಪಘಾತದಲ್ಲಿ ಸತ್ತ. ಅವನ ನೆನಪಿಗೆ ಮಾಡಿದ್ದು. ಅಪ್ಪ ಪೇಪರ್ ಕೆಳಗಿಟ್ಟರು.

"ಆ ಊದೋದು ಯಾವುದೋ ಹಳೇ ರೆಕಾರ್ಡಿಂದ ಎತ್ತಿರೋದು ಕಣೋ. ಹಿಂದೆ ಗರಗರ ಅಂತಿದೆ ನೋಡು."

ನನಗೆ ಎರಡು ವಾರ ಹುಡುಕಿದ ಮೇಲೆ ಗೊತ್ತಾಗಿದ್ದನ್ನು ಅವರು ಒಂದೇ ಸಲಕ್ಕೆ ಹೇಳಿಬಿಟ್ಟರು. ಹೌದಪ್ಪಾ, ಟಾಮ್ ಸ್ಕಾಟ್ ಎಂಬುವರು 1967ರಲ್ಲಿ ಸ್ಯಾಕ್ಸೊಫೋನ್ ನುಡಿಸಿದ್ದು, ಅದರಲ್ಲಿ ಒಂದು ಚೂರು ಹೆಕ್ಕಿದ್ದಾರೆ ಎಂದೆ. ಮಾತಿನ ಅರ್ಥವನ್ನೂ ಹೇಳಿದೆ. ಸತ್ತ ಗೆಳೆಯನನ್ನು ನೆನೆಯಲು ಹೊರಟವನು ತನ್ನ ಮನೆಯವರನ್ನೆಲ್ಲ ನೆನೆಯುತ್ತಾನೆ. ತಾನು ಹುಟ್ಟಿದ ದಿನ ತಾತ ಕುಡಿಯದೆ ಬಂದು ಮಗುವಿನ ಕೈಬೆರಳು, ಕಾಲ್ಬೆರಳು ಎಣಿಸಿದ್ದರಿಂದ ಶುರು ಮಾಡುತ್ತಾನೆ.

"ಸತ್ತ ಹುಡುಗನಿಗೆ ಎಷ್ಟು ವಯಸ್ಸು?"

"ಇಪ್ಪತ್ತೆರಡು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊದೋ ಜಾಗ ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಆಮೇಲೆ ಎಷ್ಟೋ ಭಾನುವಾರ ಅವರೇ ಕೇಳಿ ಹಾಕಿಸಿಕೊಂಡಿದ್ದಾರೆ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅಂಗಡಿಯ ಸಾಮಾನಿನಲ್ಲಿ ನಾನು ಇಟ್ಟುಕೊಂಡಿದ್ದು ಒಂದು ಟೇಪ್‌ರೆಕಾರ್ಡರ್, ಆ ಒಂದು ಕ್ಯಾಸೆಟ್ಟು. ಕಳೆದ ತಿಂಗಳು ಹಾಕಿದೆ. ಕೊಳಲು ಮಂಕಾಗಿ, ದೂರದಿಂದ ಬಂದಂತೆ ಕೇಳಿತು. ಹೆಡ್ಡಿಗೆ ಕೊಳೆ ಇರಬೇಕೆಂದು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಮತ್ತೆ ಹಾಕಿದೆ, ಹಾಗೇ ಇತ್ತು. ಈ ಸಲ ಸ್ಟಾಪ್ ಒತ್ತದೆ ಬಿಟ್ಟೆ. ಕೊಳಲು ಮುಗಿದು ರಾಜ್‌ಕುಮಾರ್ ದನಿ ಬಂತು, ಹೊಸ ಕ್ಯಾಸೆಟ್ಟಿನ ಹಾಗೆ. ಸವೆದಿದ್ದು ಆ ಹತ್ತು ಸೆಕೆಂಡು ಮಾತ್ರ.