ಕುರಿತೋದದೆ ಕೊಡುವ ತೀರ್ಪು

ಸಾಹಿತ್ಯದ ವಿಷಯದಲ್ಲಿ ಕಲಬುರಗಿಯವರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಿಂದ ರಾಷ್ಟ್ರಕೂಟರು ನಾಡನ್ನು ಆಳುತ್ತಿದ್ದ ಒಂಬತ್ತನೇ ಶತಮಾನದಲ್ಲಿಯೇ ಕವಿರಾಜಮಾರ್ಗ ನಮಗೆ ಪ್ರಮಾಣಪತ್ರ ಕೊಟ್ಟಾಗಿದೆ: ಕನ್ನಡಿಗರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’, ಅಂದರೆ ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯದಲ್ಲಿ ಪಳಗಿದವರು. ಅದನ್ನು ನಾವು ಶಿರಸಾವಹಿಸಿ ಪಾಲಿಸುತ್ತ ಬಂದಿದ್ದೇವೆ. ‘ಸಂಸ್ಕಾರ’, ‘ಚೋಮನ ದುಡಿ’ಯಂಥ ಕಾದಂಬರಿಗಳನ್ನು ಹೈಸ್ಕೂಲ್ ಮಕ್ಕಳಿಗೆ ಕಲಿಸಬಹುದೇ ಎಂದು ಜಗತ್ ವೃತ್ತದ ಆಸುಪಾಸಿನ ಯಾವ ಚಹಾದಂಗಡಿಯಲ್ಲಾದರೂ ಕೇಳಿ ನೋಡಿ. ಚಹಾ ಆರುವುದರೊಳಗೆ ನಾಲ್ಕು ತೀರ್ಪು ಹೊರಬೀಳುತ್ತವೆ. ಓದಿದ್ದೀರಾ ಎಂದು ಕೇಳುವುದು ಮಾತ್ರ ಮರ್ಯಾದಸ್ಥರ ಲಕ್ಷಣವಲ್ಲ.

ಮೊದಲ ತಕರಾರು ಜಾತಿಯದು. ‘ಎಳೆಯ ಮನಸ್ಸಿನಲ್ಲಿ ಜಾತಿಯ ವಿಷ ಯಾಕೆ ಬಿತ್ತುತ್ತೀರಿ, ಮಾಸ್ತರರೇ?’ ಎಂದು ಪೋಷಕರು ಕೇಳುತ್ತಾರೆ. ಕೇಳುವಾಗ ಅವರ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕಡತ ಇರುತ್ತದೆ. ಅದರೊಳಗೆ ಮಗನ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೂರು ಜೆರಾಕ್ಸ್ ಪ್ರತಿ. ನಾಡಕಚೇರಿಯ ಸರದಿಯಲ್ಲಿ ಅಪ್ಪನ ಕೈಹಿಡಿದು ನಿಂತ ಮಗನಿಗೆ ತನ್ನ ಉಪಜಾತಿಯ ಕಾಗುಣಿತ ಸಮೇತ ಎಲ್ಲವೂ ಗೊತ್ತು. ಅವನಿಗೆ ಗೊತ್ತಾಗಬಾರದ್ದು ಚೋಮನಿಗೆ ಒಂದು ತುಂಡು ಹೊಲ ಯಾಕೆ ಸಿಗಲಿಲ್ಲ ಎಂಬುದಷ್ಟೇ. ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಶಿಕ್ಷೆಗೆ ಗುರಿಯಾದ ಕತೆಯನ್ನು ಇದೇ ಮಕ್ಕಳು ಶ್ರಾವಣದ ಪ್ರವಚನದಲ್ಲಿ ಅಜ್ಜಿಯ ಮಡಿಲಲ್ಲಿ ಕುಳಿತು ಕೇಳಿರುತ್ತಾರೆ. ಪ್ರವಚನಕ್ಕೆ ಕೊನೆಯಲ್ಲಿ ಪ್ರಸಾದವಿದೆ, ಕಾದಂಬರಿಗೆ ಇಲ್ಲ. ವ್ಯತ್ಯಾಸ ಅಷ್ಟೇ ಇರಬೇಕು.

ಎರಡನೆಯದು ನೀತಿಯದು. ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರು ಮತ್ತು ಚಂದ್ರಿ ಕಾಡಿನಲ್ಲಿ ಸೇರುವ ಆ ಪುಟ! ಆ ಪುಟ ಮುಟ್ಟಬೇಕಾದರೆ ಮಗು ಮೊದಲು ನಾರಣಪ್ಪನ ಹೆಣದ ವಾಸನೆ, ಪ್ಲೇಗಿನ ಇಲಿಗಳು, ಧರ್ಮಶಾಸ್ತ್ರದ ಜಿಜ್ಞಾಸೆ ಎಲ್ಲವನ್ನೂ ದಾಟಬೇಕು. ಇಷ್ಟು ಕಷ್ಟಪಟ್ಟು ಕೆಡುವ ಹುಡುಗನೊಬ್ಬ ನಮ್ಮ ಜಿಲ್ಲೆಯಲ್ಲಿ ಸಿಕ್ಕರೆ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. 1970ರಲ್ಲಿ ಈ ಕಾದಂಬರಿಯ ಸಿನಿಮಾವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದಿತ್ತು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿ ಬಂದಮೇಲೆ ಅದು ನಮ್ಮ ಹೆಮ್ಮೆಯಾಯಿತು.

ಪರವಾಗಿ ಮಾತಾಡುವವರೂ ಕಡಿಮೆಯವರಲ್ಲ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳನ್ನು ಇಸವಿ ಸಮೇತ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಅಷ್ಟು ಸಾಕು. 2022ರಲ್ಲಿ ಪಠ್ಯ ಪರಿಷ್ಕರಣೆಯ ಗಲಾಟೆ ಎದ್ದಾಗ ಕೆಲವು ಪಾಠಗಳು ಹೋದವು, ಕೆಲವು ಬಂದವು. ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು, ಬಂದ ಪಾಠಗಳಲ್ಲಿ ಕೆಲವು ಹೋದವು. ಸರ್ಕಾರಿ ಬಸ್ಸಿಗಿಂತ ಹೆಚ್ಚು ಓಡಾಡಿದ ಈ ಪಾಠಗಳನ್ನು ಎರಡೂ ಕಡೆಯವರು ಟಿವಿಯಲ್ಲಿ ಚೆನ್ನಾಗಿ ಕಲಿಸಿದರು. ತರಗತಿಯಲ್ಲಿ ಕಲಿಸಬೇಕಾದ ಅತಿಥಿ ಶಿಕ್ಷಕರು ಆಗಿನ್ನೂ ನೇಮಕಾತಿ ಆದೇಶದ ದಾರಿ ಕಾಯುತ್ತಿದ್ದರು.

ಈ ನಡುವೆ ಎಸ್ಸೆಸ್ಸೆಲ್ಸಿ ಫಲಿತಾಂಶ ಎಂಬುದೊಂದು ಪ್ರತಿವರ್ಷ ಬರುತ್ತದೆ. 2024ರಲ್ಲಿ ಶೇ 50.59 ಪಡೆದು ಯಾದಗಿರಿ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಶೇ 42.43 ಪಡೆದು ಕಲಬುರಗಿ ಆ ಸ್ಥಾನವನ್ನು ವಹಿಸಿಕೊಂಡಿತು. ಪಕ್ಕದ ಮನೆಯವರ ಹೊರೆ ಹೊರುವುದು ನಮ್ಮ ಸಂಸ್ಕೃತಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಾಸಾಗದ ಊರಿನಲ್ಲಿ ಅವರು ಎಲ್ಲಿ ಇಡೀ ಕಾದಂಬರಿ ಓದಿಬಿಡುತ್ತಾರೋ ಎಂದು ಹೆದರುವುದಕ್ಕೆ ನಿಜವಾಗಿಯೂ ಗುಂಡಿಗೆ ಬೇಕು.

ವಿರೋಧಿಗಳಿಗೆ ನನ್ನದೊಂದು ಸಲಹೆ ಇದೆ. ಕಾದಂಬರಿ ಅಪಾಯಕಾರಿ ಎನ್ನಿಸಿದರೆ ನಿಷೇಧ ಕೇಳಬೇಡಿ. ನಿಷೇಧಿಸಿದರೆ ಹುಡುಗರು ಕದ್ದಾದರೂ ಓದಿಯಾರು. ಅದನ್ನು ಕಡ್ಡಾಯ ಪಠ್ಯ ಮಾಡಿಸಿ. ಉಳಿದದ್ದನ್ನು ಪಾಸಾಗುವಷ್ಟೇ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವ ಪಾಸಿಂಗ್ ಪ್ಯಾಕೇಜ್ ನೋಡಿಕೊಳ್ಳುತ್ತದೆ. ಪ್ರಾಣೇಶಾಚಾರ್ಯರ ಅಗ್ರಹಾರ ಯಾವುದು? ದೂರ್ವಾಸಪುರ, ಒಂದು ಅಂಕ. ಲೇಖಕರ ಸ್ಥಳ, ಕಾಲ, ಕೃತಿ, ಪ್ರಶಸ್ತಿಯನ್ನು ವಾಕ್ಯರೂಪದಲ್ಲಿ ಬರೆಯಿರಿ, ಮೂರು ಅಂಕ. ಚೋಮನಿಗೆ ಮಕ್ಕಳೆಷ್ಟು? ಐದು. ಅವರಲ್ಲಿ ನೀಲ ನೀರಿನಲ್ಲಿ ಮುಳುಗುತ್ತಿದ್ದಾಗ ದಡದಲ್ಲಿದ್ದವರು ಮೈಲಿಗೆಗೆ ಹೆದರಿ ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದರೆ ಮಾತ್ರ ತೊಂದರೆ. ಅದಕ್ಕೂ ಉಪಾಯವಿದೆ: ‘ಕುಳಿತುಕೋ ಅವ್ವ, ಅದು ಪರೀಕ್ಷೆಗೆ ಬರುವುದಿಲ್ಲ.’

ಎರಡು ವರ್ಷ ಹೀಗೆ ಕಲಿಸಿದರೆ ಜಿಲ್ಲೆಯ ಒಂದು ಮಗುವೂ ಜೀವಮಾನದಲ್ಲಿ ಆ ಪುಸ್ತಕದ ಕಡೆ ತಿರುಗಿ ನೋಡುವುದಿಲ್ಲ ಎಂದು ನಾನು ಛಾಪಾ ಕಾಗದದ ಮೇಲೆ ಬರೆದುಕೊಡಲು ಸಿದ್ಧ. ಮೆರವಣಿಗೆ ಬೇಡ, ಮನವಿಪತ್ರ ಬೇಡ, ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಿಸಿಲಿನಲ್ಲಿ ಧರಣಿ ಕೂರುವುದೂ ಬೇಡ. ಸೂಪರ್ ಮಾರ್ಕೆಟ್ಟಿನ ಪುಸ್ತಕದಂಗಡಿಗೆ ಗೈಡ್ ಬಂದಿದೆಯೇ ಎಂದು ವಿಚಾರಿಸಿ, ಹತ್ತು ಪ್ರತಿ ಒಟ್ಟಿಗೆ ಕೊಂಡರೆ ಎಷ್ಟು ಬಿಡುತ್ತೀರಿ ಎಂದು ಚೌಕಾಸಿ ಮಾಡಿದರೆ ಸಾಕು.