"ಮ್ಯಾಲೆ ಎಲ್ಲೆ ಮಳಿ ಆಗೇತಿ ಕೇಳೀಯೇನು?"

ಹೋದ ಭಾನುವಾರ ಅವ್ವನ ಜೊತೆ ಮಾತಾಡ್ತಾ, ಜುಲೈನಲ್ಲಿ ಆಸ್ಟ್ರೇಲಿಯಾದ ಒಳನಾಡಿನ ಕೂಪರ್ ಕ್ರೀಕ್ ದಂಡೆಯಲ್ಲಿ ಟೆಂಟ್ ಹಾಕೋಕೆ ಹೋಗ್ತೀವಿ ಅಂದೆ. ಎಷ್ಟು ದೂರ, ಎಷ್ಟು ಖರ್ಚು, ಯಾರ್ಯಾರು ಬರ್ತಾರೆ ಅಂತ ಏನೂ ಕೇಳಲಿಲ್ಲ. "ಹೊಳಿ ದಂಡಿಗೆ ಮಲಗತೀರಿ? ಮ್ಯಾಲೆ ಎಲ್ಲೆ ಮಳಿ ಆಗೇತಿ ಕೇಳೀಯೇನು?" ಅಂದಳು.

ನಮ್ಮೂರು ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ನಮ್ಮ ಹೊಳೆಗೆ ನಮ್ಮ ಮಳೆ ಲೆಕ್ಕಕ್ಕಿಲ್ಲ. ಮೇಲೆ ಮಹಾಬಳೇಶ್ವರದ ಕಡೆ ಸುರಿದರೆ ನಮ್ಮೂರಲ್ಲಿ ಬಿಸಿಲಿನಲ್ಲೇ ನೀರು ಹೊಲಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಅದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಅವ್ವನಿಗೆ ಮೊದಲು ಹೊಳೆದದ್ದು ಆ ಪ್ರಶ್ನೆ. ಕೂಪರ್ ಹೆಸರನ್ನು ಅವಳು ಕೇಳಿದ್ದೇ ಅವತ್ತು. ಆದರೂ ಆ ನೀರಿನ ಗುಣ ನಮ್ಮ ಗುಂಪಿನ ಎಷ್ಟೋ ಜನರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಾಯ್ತು ಅಂತ ನನಗೆ ಅನ್ನಿಸಿತು.

ಕೂಪರ್ ಒಂದು ವಿಚಿತ್ರ ಹೊಳೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಥಾಮ್ಸನ್ ಮತ್ತು ಬಾರ್ಕೂ ಅನ್ನೋ ಎರಡು ನದಿಗಳು ಸೇರುತ್ತವೆ. ಸೇರಿದ ಮೇಲೆ ಅದರ ಹೆಸರು ಕ್ರೀಕ್, ಅಂದರೆ ಹಳ್ಳ! 1845ರಲ್ಲಿ ಚಾರ್ಲ್ಸ್ ಸ್ಟರ್ಟ್ ಅನ್ನೋ ಅನ್ವೇಷಕ ಬಂದು ನೋಡಿದಾಗ ನೀರು ಹರೀತಾ ಇರಲಿಲ್ಲ. ಹರಿಯದ್ದಕ್ಕೆ ನದಿ ಅನ್ನೋದು ಹೇಗೆ ಅಂತ ಕ್ರೀಕ್ ಅಂದ. ಮಾಮೂಲಿ ದಿನಗಳಲ್ಲಿ ಅದು ಅಲ್ಲಲ್ಲಿ ನಿಂತ ಉದ್ದನೆಯ ಮಡುಗಳ ಸಾಲು. ಆದರೆ ದೂರದ ಉತ್ತರದಲ್ಲಿ ಜೋರು ಮಳೆ ಬಿದ್ದರೆ, ಎಷ್ಟೋ ದಿನ, ಕೆಲವೊಮ್ಮೆ ವಾರಗಳ ನಂತರ ನೀರು ಇಳಿದು ಬರುತ್ತದೆ. ಮೇಲೆ ನೀಲಿ ಆಕಾಶ, ಕೆಳಗೆ ಪ್ರವಾಹ. ನೀರು ತುಂಬಾ ಹೆಚ್ಚಿದ್ದ ವರ್ಷ ಮಾತ್ರ ಅದು ಐರ್ ಸರೋವರದವರೆಗೆ ಮುಟ್ಟುತ್ತದೆ.

ನಾವು ಹೋಗೋದು ಕೂಪರ್ ದಂಡೆಯ ಪುಟ್ಟ ಊರು ಇನ್ನಮಿಂಕಾಗೆ. ಅಡಿಲೇಡ್‌ನಿಂದ ಸಾವಿರ ಕಿಲೋಮೀಟರ್ ದಾಟುತ್ತದೆ, ಬೆಂಗಳೂರಿಂದ ಮುಂಬೈಗೆ ಹೋದಷ್ಟು. ಲಿಂಡ್‌ಹರ್ಸ್ಟ್ ಬಿಟ್ಟ ಮೇಲೆ ಸ್ಟ್ರೆಝಲೆಕಿ ಟ್ರ್ಯಾಕ್ ಶುರು. ಈಚೆಗೆ ಅದಕ್ಕೆ ಸಾಕಷ್ಟು ಕಡೆ ಟಾರ್ ಬಿದ್ದಿದೆ, ಆದರೂ ಅಲ್ಲಿಂದ ಇನ್ನಮಿಂಕಾವರೆಗೆ ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ಒಂದು ಪೆಟ್ರೋಲ್ ಬಂಕ್ ಇಲ್ಲ.

ಹೋದ ವರ್ಷ ಮೂರು ಕುಟುಂಬ ಹೊರಟಿದ್ದೆವು. ಲಿಂಡ್‌ಹರ್ಸ್ಟ್ ಹತ್ತಿರ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಅಂತ ತೋರಿಸೋ ದೊಡ್ಡ ಬೋರ್ಡ್ ಇದೆ. ನಮ್ಮ ದಾರಿಯ ಮುಂದೆ 'ಕ್ಲೋಸ್ಡ್' ಅಂತ ಇತ್ತು. ಹಿಂದಿನ ದಿನ ಮುಂದೆಲ್ಲೋ ಮಳೆ ಆಗಿತ್ತು. ನಾವು ನಿಂತಲ್ಲಿ ಧೂಳು ಹಾರ್ತಾ ಇತ್ತು. ಜೊತೆಯಲ್ಲಿದ್ದ ಗೆಳೆಯ, "ಇಲ್ಲಿ ಒಂದು ಮೋಡ ಇಲ್ಲ, ಸುಮ್ನೆ ಹೋಗಿಬಿಡೋಣ, ಫೋರ್ ವೀಲ್ ಡ್ರೈವ್ ಇರೋದು ಯಾಕೆ?" ಅಂದ. ಹಿಂದಿನ ಸೀಟಿನಲ್ಲಿ ಮಕ್ಕಳು ಅಳ್ತಾ ಇದ್ದರು. ಒಂದು ದಿನ ಕಾದೆವು. ಬೋರ್ಡ್ ಬದಲಾಗಲಿಲ್ಲ. ವಾಪಸ್ ಬಂದು ಫ್ಲಿಂಡರ್ಸ್ ಬೆಟ್ಟಗಳಲ್ಲಿ ಉಳಿದೆವು. ಗೆಳೆಯ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ಆ ನಿರ್ಧಾರ ಸರಿ ಅಂತಲೇ ಇವತ್ತಿಗೂ ಹೇಳ್ತೇನೆ. ಮುಚ್ಚಿದ ದಾರಿಯಲ್ಲಿ ಹೋದರೆ ದೊಡ್ಡ ದಂಡ ಇದೆ, ಅದಿರಲಿ. ಒದ್ದೆ ಜೇಡಿಯಲ್ಲಿ ಗಾಡಿ ಹೂತರೆ ನಮ್ಮನ್ನು ಎತ್ತೋಕೆ ಇನ್ನೊಬ್ಬರು ತಮ್ಮ ಕೆಲಸ ಬಿಟ್ಟು, ಜೀವ ಒತ್ತೆ ಇಟ್ಟು ಬರಬೇಕು. ನಮ್ಮ ಚಕ್ರದ ಗುಂಡಿ ಒಣಗಿ ಕಲ್ಲಿನಂತಾಗಿ ಅಲ್ಲೇ ಇರುತ್ತದೆ, ದಿನಾ ಆ ದಾರಿಯಲ್ಲೇ ಓಡಾಡೋ ಊರಿನವರಿಗೆ. ನಮ್ಮ ತಪ್ಪು ಬೇರೆ ಕಡೆ ಇತ್ತು. ಎಂಟು ದಿನದ ಪ್ರವಾಸಕ್ಕೆ ಎಂಟೇ ದಿನ ರಜೆ ಹಾಕಿದ್ದೆವು. ಒಂದು ಮಳೆಗೆ ಇಡೀ ಪ್ಲಾನ್ ಬಿದ್ದುಹೋಯ್ತು.

ಅದಕ್ಕೇ ಈ ಸಲ ಬರ್ತೀನಿ ಅನ್ನೋರಿಗೆ ನನ್ನ ಮೊದಲ ಷರತ್ತು: ಎರಡು ದಿನ ಖಾಲಿ ಬಿಡಬೇಕು. ಆ ಎರಡು ದಿನಕ್ಕೆ ಯಾವ ಊರೂ ಇಲ್ಲ, ಯಾವ ಬುಕ್ಕಿಂಗೂ ಇಲ್ಲ. ಮಳೆ ಬಂದರೆ ಕೂರೋಕೆ, ಟೈರ್ ಹೋದರೆ ಕಾಯೋಕೆ.

ಸಾಮಾನಿನ ಪಟ್ಟಿ ಎಲ್ಲರೂ ಮಾಡ್ತಾರೆ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಈಗಾಗಲೇ ಮೂರು ಪಟ್ಟಿ ಓಡಾಡ್ತಾ ಇವೆ. ಫ್ರಿಜ್, ಸೋಲಾರ್ ಪ್ಯಾನೆಲ್, ಮಡಚೋ ಕುರ್ಚಿ. ಅದನ್ನು ನೋಡಿದಾಗೆಲ್ಲ ನನಗೆ ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟೋಕೆ ಹೊರಟ ಬರ್ಕ್ ಮತ್ತು ವಿಲ್ಸ್ ನೆನಪಾಗ್ತಾರೆ. 1860ರ ಆಗಸ್ಟ್ 20ರಂದು ಮೆಲ್ಬರ್ನ್‌ನಿಂದ ಹೊರಟಾಗ ಅವರ ಹತ್ತಿರ ಸುಮಾರು 20 ಟನ್ ಸಾಮಾನಿತ್ತು. ಮೇಜು, ಕುರ್ಚಿ, ಚೀನಾದ ಒಂದು ಜಾಗಟೆ ಕೂಡ. ಹೆಚ್ಚಿನ ಒಂಟೆಗಳು ನಮ್ಮ ಭಾರತದಿಂದ ಹೋದವು. ಅವನ್ನು ನೋಡಿಕೊಳ್ಳೋ ಆಳುಗಳೂ ಹೋದರು. ಅವರಲ್ಲಿ ಸಾಮ್ಲಾ ಅನ್ನೋ ಹಿಂದೂ ಒಬ್ಬನಿದ್ದ. ಅಲ್ಲಿನ ಮಾಂಸದೂಟ ಅವನಿಗೆ ಆಗಲಿಲ್ಲ, ಕೆಲವೇ ದಿನಕ್ಕೆ ತಂಡ ಬಿಟ್ಟ. ಊಟ ಹೊಂದದೆ ಪರದಾಡಿದ ನಮ್ಮವರಿಗೆಲ್ಲ ಅವನ ಕಷ್ಟ ಅರ್ಥ ಆಗುತ್ತೆ, ಅಲ್ವಾ?

ಕೂಪರ್ ದಂಡೆಯಲ್ಲಿ ಕೆಲವರನ್ನು ಬಿಟ್ಟು, ಬರ್ಕ್, ವಿಲ್ಸ್ ಸೇರಿ ನಾಲ್ಕು ಜನ ಉತ್ತರದ ಸಮುದ್ರದ ಕಡೆ ಹೋದರು. ವಾಪಸ್ ಬರುವಾಗ ಒಬ್ಬ ಸತ್ತ. ಅವನನ್ನು ಹೂಳೋಕೆ ಒಂದು ದಿನ ಹೋಯ್ತು. 1861ರ ಏಪ್ರಿಲ್ 21ರ ಸಂಜೆ ಕ್ಯಾಂಪಿಗೆ ಬಂದರೆ ಯಾರೂ ಇಲ್ಲ. ನಾಲ್ಕು ತಿಂಗಳಿಗೂ ಹೆಚ್ಚು ಕಾದವರು ಅದೇ ದಿನ ಬೆಳಗ್ಗೆ ಹೊರಟಿದ್ದರು. ಕೂಲಬಾ ಮರದ ಮೇಲೆ 'ಡಿಗ್' ಅಂತ ಕೆತ್ತಿದ್ದರು. ಅಗೆದರೆ ಸ್ವಲ್ಪ ಆಹಾರ ಸಿಕ್ಕಿತು. ಬರ್ಕ್ ತಂಡ ತಮ್ಮ ಪತ್ರವನ್ನು ಅಲ್ಲೇ ಹೂತಿಟ್ಟಿತು, ಆದರೆ ಮರದ ಮೇಲಿನ ಗುರುತು ಬದಲಿಸಲಿಲ್ಲ. ಮೇ 8ಕ್ಕೆ ಹಳೇ ಕ್ಯಾಂಪಿನವರು ಮತ್ತೆ ಬಂದು ನೋಡಿದರು. ಎಲ್ಲ ಬಿಟ್ಟುಹೋದ ಹಾಗೇ ಕಂಡಿತು. ಅಗೆಯದೆ ಹೊರಟುಹೋದರು.

ಈ ಕಥೆ ಕೇಳಿದವರು ಒಂದು ದಿನದ ಆ ದುರದೃಷ್ಟಕ್ಕೆ ಮರುಗುತ್ತಾರೆ. ನನಗೆ ಅದಕ್ಕಿಂತ ನೋವಾಗೋದು ಮುಂದಿನದಕ್ಕೆ. ಆ ದಂಡೆಯಲ್ಲಿ ಯಾಂದ್ರುವಾಂಧಾ ಜನ ಆರಾಮವಾಗಿ ಬದುಕಿದ್ದರು. ಮೀನಿತ್ತು. ನಾರ್ಡೂ ಅನ್ನೋ ಸಣ್ಣ ಜರಿಗಿಡದ ಬೀಜದಂಥ ಕಾಯಿಯನ್ನು ಅರೆದು ತಿನ್ನುತ್ತಿದ್ದರು. ಅದನ್ನು ಸರಿಯಾದ ಕ್ರಮದಲ್ಲಿ ಹದ ಮಾಡದಿದ್ದರೆ ಮೈಯಲ್ಲಿರೋ ಬಿ1 ಜೀವಸತ್ವವನ್ನೇ ಅದು ಹಾಳು ಮಾಡುತ್ತದೆ. ಬರ್ಕ್ ಮತ್ತು ವಿಲ್ಸ್ ಹೊಟ್ಟೆ ತುಂಬ ತಿಂದೂ ಸೊರಗಿದ್ದು ಅದರಿಂದಲೇ ಇರಬೇಕು ಅಂತ ಈಗಿನವರು ಹೇಳ್ತಾರೆ. ಬರ್ಕ್ ಒಮ್ಮೆ ಮೀನು ತಂದವರ ಕೈಯಿಂದ ಅದನ್ನು ಬೀಳಿಸಿ, ಅವರಿಗೆ ತಾಗದ ಹಾಗೆ ತಲೆಯ ಮೇಲಿಂದ ಗುಂಡು ಹಾರಿಸು ಅಂತ ಜೊತೆಗಿದ್ದವನಿಗೆ ಹೇಳಿದ. ಜೂನ್ ಕೊನೆಯ ಹೊತ್ತಿಗೆ ಇಬ್ಬರೂ ಸತ್ತರು. ಆ ನಾಲ್ವರಲ್ಲಿ ಉಳಿದದ್ದು ಕಿಂಗ್ ಅನ್ನೋನೊಬ್ಬ. ಅವನು ಆ ಜನರ ಹತ್ತಿರ ಹೋದ, ಅವರು ಇಟ್ಟುಕೊಂಡರು, ಉಣಿಸಿದರು. ಸೆಪ್ಟೆಂಬರ್‌ನಲ್ಲಿ ಹುಡುಕಿಕೊಂಡು ಬಂದ ತಂಡಕ್ಕೆ ಅವನು ಜೀವಂತ ಸಿಕ್ಕ.

ಆದ್ದರಿಂದ ನನ್ನ ಪಟ್ಟಿಯಲ್ಲಿ ಮೊದಲು ಇರೋದು ಫೋನ್ ಕರೆ. ಇನ್ನಮಿಂಕಾದ ಅಂಗಡಿಗೆ, ಪಾರ್ಕಿನವರಿಗೆ. ದಾರಿ ಹೇಗಿದೆ, ನೀರು ಹೇಗಿದೆ, ಬೆಂಕಿ ಹಾಕಬಹುದಾ, ಪರ್ಮಿಟ್ ಏನು. ಅಲ್ಲಿರೋರಿಗಿಂತ ಗೂಗಲ್ ಮ್ಯಾಪ್‌ಗೆ ಜಾಸ್ತಿ ಗೊತ್ತಿಲ್ಲ.

ಆಮೇಲೆ ನೀರು. ಒಬ್ಬರಿಗೆ ದಿನಕ್ಕೆ 10 ಲೀಟರ್ ಲೆಕ್ಕ ಹಿಡೀತೇನೆ, ಮೇಲೆ ಎರಡು ದಿನದ್ದು. ಎಲ್ಲವನ್ನೂ ಒಂದೇ ಡ್ರಮ್ಮಿನಲ್ಲಿ ತುಂಬಬೇಡಿ, ಒಡೆದರೆ ಎಲ್ಲ ಹೋಯ್ತು. ಎರಡು ಸ್ಪೇರ್ ಟೈರ್. ಸ್ಯಾಟಲೈಟ್ ಫೋನ್, ತುರ್ತಿಗೆ ಪಿಎಲ್‌ಬಿ, ಅಂದರೆ ನಾವೆಲ್ಲಿದ್ದೇವೆ ಅಂತ ಉಪಗ್ರಹದ ಮೂಲಕ ತಿಳಿಸೋ ಸಾಧನ. ಆ ಪುಟ್ಟ ಯಂತ್ರವನ್ನು ಸರ್ಕಾರದ ಹತ್ತಿರ ಉಚಿತವಾಗಿ ನೋಂದಾಯಿಸಬಹುದು, ದಯವಿಟ್ಟು ಮಾಡಿಸಿ. ಸಂಜೆ ಕತ್ತಲಾಗೋ ಹೊತ್ತಿಗೆ ಗಾಡಿ ನಿಂತಿರಬೇಕು, ಕಾಂಗರೂಗಳು ಅಡ್ಡ ಬರೋದು ಆಗಲೇ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ. 1963ರ ಡಿಸೆಂಬರ್‌ನಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್‌ನಲ್ಲಿ ಒಂದೇ ಮನೆಯ ಐದು ಜನ ನೀರಿಲ್ಲದೆ ಸತ್ತರು. ಅವರ ಕಾರು ಇದ್ದಲ್ಲೇ ಇತ್ತು.

ಊಟಕ್ಕೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟರೆ ಇನ್ನೊಂದಿಲ್ಲ. ಫ್ರಿಜ್ ಬೇಡ, ಕೆಡೋದಿಲ್ಲ. ಆದರೆ ಹುಷಾರು. ಮೊದಲ ಸಲ ಹೋದಾಗ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಅಲೆ ಅಲೆಯಾಗಿ ಎದ್ದ ಮಣ್ಣುದಾರಿಯಲ್ಲಿ ಐದು ಗಂಟೆ ಗಾಡಿ ಗಡಗಡ ಅಂದು, ಮುಚ್ಚಳ ತೆಗೆದರೆ ಬರೀ ನುಚ್ಚು. ಅದನ್ನೇ ಮೊಸರಲ್ಲಿ ಕಲಸಿ ತಿಂದೆವು. ಈ ಸಲ ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ ಹಾಸಿಗೆಗಳ ನಡುವೆ ಇಡೋದು. ಇನ್ನೊಂದು, ಡಿಗ್ ಮರ ಇರೋದು ಕ್ವೀನ್ಸ್‌ಲ್ಯಾಂಡ್ ಗಡಿಯ ಆಚೆ. ಅಲ್ಲಿಂದ ವಾಪಸ್ ಬರುವಾಗ ಹಣ್ಣು ತರೋ ಹಾಗಿಲ್ಲ, ಹಣ್ಣಿನ ನೊಣದ ಭಯಕ್ಕೆ. ಬಾಳೆಹಣ್ಣೆಲ್ಲ ಅಲ್ಲೇ ಮುಗಿಸಿ.

ಟೆಂಟ್ ಹಾಕೋದು ಕುಲ್ಯಮುರ್ರಾ ಮಡುವಿನ ದಂಡೆಗೆ. ಆ ಒಣ ನಾಡಿನ ತುಂಬಾ ಆಳವಾದ ಮಡುಗಳಲ್ಲಿ ಅದೂ ಒಂದು. ಬಂಡೆಗಳ ಮೇಲೆ ಆ ನೆಲದ ಜನರ ಹಳೇ ಕೆತ್ತನೆಗಳಿವೆ, ಮುಟ್ಟದೆ ನೋಡಿ. ಐದು ವರ್ಷದ ಹಿಂದೆ ಆಫೀಸಿನ ಇಬ್ಬರ ಜೊತೆ ಅಲ್ಲಿ ಮೂರು ರಾತ್ರಿ ಇದ್ದೆ. ದೊಡ್ಡ ರೆಡ್ ಗಮ್ ಮರ, ತಂಪು ನೆರಳು. ನಾನು ಅದರ ಬುಡಕ್ಕೇ ಟೆಂಟ್ ಹೊಡೆಯೋಕೆ ಹೋದೆ. ಪಕ್ಕದಲ್ಲಿದ್ದ ವಯಸ್ಸಾದ ಗಂಡ ಹೆಂಡತಿ ಎದ್ದು ಬಂದು ಬೇಡ ಅಂದರು. ಟೆಂಟ್ ಬಯಲಿಗೆ ಎಳೆದೆವು. ಎರಡನೇ ರಾತ್ರಿ ಗಾಳಿ ಒಂದಿಷ್ಟೂ ಇರಲಿಲ್ಲ. ಫಟ್ ಅಂತ ಸದ್ದು, ಆಮೇಲೆ ನೆಲ ಅದುರಿತು. ಬೆಳಗ್ಗೆ ನೋಡಿದರೆ ತೊಡೆ ಗಾತ್ರದ ಟೊಂಗೆ, ನಾನು ಮೊದಲು ಗೂಟ ನೆಟ್ಟಿದ್ದ ಜಾಗದ ಮೇಲೆ ಬಿದ್ದಿತ್ತು. ಅದರ ಎಲೆಗಳು ಇನ್ನೂ ಹಸಿರಾಗಿದ್ದವು. ಆ ಅಜ್ಜಿ ಚಹಾದ ಲೋಟ ನನ್ನ ಕೈಗೆ ಕೊಟ್ಟು ಏನೂ ಮಾತಾಡದೆ ಹೋದರು. ಎದುರಿಗೆ ನೀರು, ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಅದರ ಮೇಲೆ ಆರು ಪೆಲಿಕನ್, ಅಲ್ಲಾಡದೆ ತೇಲ್ತಾ ಇದ್ದವು.

ಮಡುವಿನಲ್ಲಿ ಸೋಪು ಹಾಕಿ ಪಾತ್ರೆ ತೊಳೀಬೇಡಿ, ಬಕೆಟ್‌ನಲ್ಲಿ ನೀರು ತಂದು ದೂರ ತೊಳೆಯಿರಿ. ಆ ಮೀನು, ಆ ಹಕ್ಕಿಗಳಿಗೆ ಆ ಒಣ ನಾಡಿನಲ್ಲಿ ಇಂಥ ಮಡುಗಳೇ ಆಸರೆ.

ಥಾಮ್ಸನ್, ಬಾರ್ಕೂ ನದಿಗಳ ಮಟ್ಟ ಈಗಿನಿಂದಲೇ ಹವಾಮಾನ ಇಲಾಖೆಯ ಸೈಟ್‌ನಲ್ಲಿ ನೋಡ್ತಾ ಇದ್ದೇನೆ. ಪ್ರತಿ ಭಾನುವಾರ ಅವ್ವನಿಗೂ ಹೇಳಬೇಕಂತೆ. ಬರೋರು ಯುಗಾದಿಯೊಳಗೆ ತಿಳಿಸಿ. ರಜೆ ಹತ್ತು ದಿನ ಹಾಕಿ, ಎಂಟಲ್ಲ. ಹೊರಡೋ ಹಿಂದಿನ ಶನಿವಾರ ನಮ್ಮನೆಯಲ್ಲಿ ಸೇರಿ ರೊಟ್ಟಿ ಬಡಿಯೋಣ, ಹಳೇ ಪಂಚೆ ಇದ್ದರೆ ಒಂದು ತನ್ನಿ.